ಗೊಂಬೆಯ ಮುಖದ ಮೇಲಿನ ಶಾಲು

ಮಾಸ್ಕೋ, ೨೯ ಮಾರ್ಚ್ ೧೯೬೧, ಬುಧವಾರ

ಶಾಲು ಇನ್ನೂ ಒಣಗಿಲ್ಲ.

ಶನಿವಾರ ಆಕಾಶನೌಕೆಯಲ್ಲಿ ಭೂಮಿಯನ್ನು ಸುತ್ತಿ, ಪ್ಯಾರಾಚೂಟಿನಲ್ಲಿ ಇಳಿದ, ಮನುಷ್ಯನ ಬದಲು ಕಳಿಸಿದ್ದ ಆಳೆತ್ತರದ ಗೊಂಬೆ ಇವತ್ತು ನಮ್ಮ ಹೊಲಿಗೆ ಕೋಣೆಗೆ ವಾಪಸು ಬಂತು. ನಾನು ಹೊಲಿದ ಉಡುಪು ಎಲ್ಲೂ ಹರಿದಿಲ್ಲ. ಮುಖಕ್ಕೆ ಮಾತ್ರ ಯಾರದೋ ಉಣ್ಣೆ ಶಾಲು ಸುತ್ತಿತ್ತು.

“ಹಿಮದಲ್ಲಿ ಬಿದ್ದಿದ್ದನ್ನ ನೋಡಿ ಹಳ್ಳಿಯವರು ಹೆಣ ಅಂದ್ಕೊಂಡ್ರಂತೆ, ಅಗ್ನಿಯಾ ಪೆತ್ರೋವ್ನಾ,” ಅಂದ ಎಂಜಿನಿಯರ್ ರೋದಿಯೊನ್. “ಒಬ್ಬಳು ಅಜ್ಜಿ ತಲೆ ಮೇಲಿನ ಶಾಲು ತೆಗೆದು ಮುಚ್ಚಿಬಿಟ್ಲಂತೆ.”

“ಹೆಲ್ಮೆಟ್ಟಿನ ಗಾಜಿನೊಳಗೆ ‘ಗೊಂಬೆ’ ಅಂತ ಬರೆದು ಅಂಟಿಸಿದ್ವಲ್ಲ?” ಅಂದೆ.

“ತರೋಕೆ ಹೋದ ನಮ್ಮವರು ಓದಿ ಹೇಳಿದ್ರೂ ಕೇಳ್ಲಿಲ್ಲ. ‘ಇರ್ಲಿ ಬಿಡಪ್ಪ, ಮುಖ ಮನುಷ್ಯನದೇ ತಾನೇ’ ಅಂದ್ಲಂತೆ.”

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ. ನನ್ನ ಗಂಡ ಯೆಫೀಮ್ ಯುದ್ಧದಲ್ಲಿ ಕಾಣೆಯಾದದ್ದೂ ಹಿಮದಲ್ಲೇ. ಅಳು ಬರಬೇಕಿತ್ತು, ಬರಲಿಲ್ಲ. ಶಾಲನ್ನು ಒಗೆಯಲು ಮನೆಗೆ ತಂದೆ, ಅಷ್ಟೆ. ಹೊಗೆಯ ವಾಸನೆ, ಹಾಲಿನ ವಾಸನೆ. ಒಗೆದ ಮೇಲೆ ಯಾಕೆ ಒಗೆದೆ ಅನ್ನಿಸಿತು.

ಸಂಜೆ, ನಾನು ಮನೆಗೆ ಹೊರಡುವ ಮೊದಲು, ಮುಂದೆ ಹಾರಲಿರುವ ಹುಡುಗರಲ್ಲೊಬ್ಬ ಹೊಲಿಗೆ ಕೋಣೆಗೆ ಅಳತೆ ಕೊಡಲು ಬಂದಿದ್ದ.

“ಚಿಕ್ಕಮ್ಮ, ಗೊಂಬೆ ಸರಿಯಾಗಿ ಇಳೀತಾ?”

“ಇಳೀತಪ್ಪ. ಕತ್ತು ಎತ್ತು.”

ಶಾಲಿನ ವಿಷಯ ಹೇಳಲಿಲ್ಲ. ಕತ್ತಿಗೆ ಟೇಪು ಸುತ್ತುವಾಗ ಬೆರಳಿಗೆ ಅವನ ನಾಡಿ ತಾಗಿತು. ಇಷ್ಟು ದಿನ ಗೊಂಬೆಗೆ ಅಳತೆ ಹಿಡಿದ ಕೈ, ಒಂದು ಕ್ಷಣ ಅಲ್ಲೇ ನಿಂತಿತು. ಅಳತೆ ಮರೆತು ಇನ್ನೊಮ್ಮೆ ಹಿಡಿದೆ.

ಈಗ ಮುಟ್ಟಿ ನೋಡಿದೆ, ಶಾಲಿನ ಅಂಚು ಇನ್ನೂ ಒದ್ದೆ. ವಾಪಸು ಕಳಿಸೋಣವೆಂದರೆ ಅಜ್ಜಿಯ ಹೆಸರನ್ನು ಯಾರೂ ಕೇಳಿಕೊಂಡಿಲ್ಲ. ಯೆಫೀಮ್ ಬಿದ್ದ ಕಡೆಯೂ ಅಂಥವಳೊಬ್ಬಳು ಇದ್ದಳೋ ಏನೋ.