ಅಣ್ಣನ ಎಡಗಡೆ ಹುಬ್ಬು

ಇಳಕಲ್ಲ,
ತಾ. ೧೫-೨-೧೯೭೮

ಪ್ರೀತಿಯ ಮಗಳು ಸಾವಂತ್ರವ್ವಗೆ,

ನಿನ್ನ ಕಾಕಾ ಲಕ್ಷ್ಮಪ್ಪನ ಆಶೀರ್ವಾದ. ಕೆರೂರಿನಲ್ಲಿ ನೀನು, ಅಳಿಯ ಚಂದಪ್ಪ, ಕೂಸು ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಕೂಸಿನ ಕೆಮ್ಮು ಇಳಿಯಿತೆ? ಇಳಿಯದಿದ್ದರೆ ದವಾಖಾನೆಗೆ ತೋರಿಸು, ಅದರ ಅಜ್ಜನ ಔಷಧದ ಮೇಲೆ ಬಿಡಬೇಡ. ಅವನು ಕುರಿಗೂ ಮಕ್ಕಳಿಗೂ ಒಂದೇ ಕಷಾಯ ಕುಡಿಸುವವನು. ಆ ಅಜ್ಜ, ಅಂದರೆ ನಿನ್ನ ಅಪ್ಪ, ನನ್ನ ಅಣ್ಣ ಹುಲ್ಲಪ್ಪ, ಬೇವೂರು ಬಿಟ್ಟು ನಿನ್ನ ಮನೆಗೆ ಬಂದು ಕೂತು ಇಂದಿಗೆ ಎರಡು ತಿಂಗಳು ಹತ್ತು ದಿನ. ಅವನ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸು. ನಾನು ಕೇಳಿದೆನೆಂದು ಮಾತ್ರ ಹೇಳಬೇಡ. ಅವನ ಹೆಸರಿಗೆ ಬರೆದ ನನ್ನ ಎರಡು ಕಾಗದಗಳನ್ನೂ ಒಲೆಗೆ ಹಾಕಿದನೆಂದು ತಿಳಿಸಿದ್ದೀ. ಅದಕ್ಕೇ ಇದನ್ನು ನಿನ್ನ ಹೆಸರಿಗೆ ಹಾಕಿದ್ದೇನೆ. ಓದು ಬಾರದವನಿಗೆ ಓದಿ ಹೇಳುವ ಕೆಲಸ ನಿನ್ನದು. ಅವನ ಕಿವಿಗೆ ಬೀಳಬೇಕಾದದ್ದನ್ನು ಜೋರಾಗಿ ಓದು, ಬೀಳಬಾರದ್ದನ್ನು ಮನಸ್ಸಿನಲ್ಲೇ ಓದಿಕೋ. ಯಾವುದು ಯಾವುದೆಂದು ನಾನೇ ಹೇಳುತ್ತ ಹೋಗುತ್ತೇನೆ. ಕಾಗದದ ಜೊತೆ ಮಡಚಿ ಇಟ್ಟ ಪತ್ರಿಕೆಯನ್ನು ಈಗಲೇ ಬಿಚ್ಚಬೇಡ.

ಇದನ್ನು ಜೋರಾಗಿ ಓದು. ಇಳಕಲ್ಲಿನಲ್ಲಿ ನನ್ನ ಹೆಸರು ಈಗ ಭಾಳ ದೊಡ್ಡದಾಗಿದೆ. ಬಸ್ ಸ್ಟ್ಯಾಂಡಿನಿಂದ ಸೀರೆ ಅಂಗಡಿಗಳ ಸಾಲಿನ ತನಕ ಕಾಣುವ ಬೋರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಕೈಯವು. ಇನ್ನು ‘ಹೊಸ ಹೊತ್ತು’ ವಾರಪತ್ರಿಕೆಯ ಮಾತು ಹೇಳುವುದೇ ಬೇಡ. ಅದರ ಸಂಪಾದಕ ಕಾಶಪ್ಪನವರು ಬಿ.ಎ. ಓದಿದವರು, ನಾನು ಏಳನೆಯ ಇಯತ್ತೆ. ಆದರೆ ಜನ ಮೊದಲು ನೋಡುವುದು ನನ್ನ ಚಿತ್ರವನ್ನು, ಆಮೇಲೆ ಪುರುಸೊತ್ತಿದ್ದರೆ ಅವರ ಲೇಖನವನ್ನು. ಉಳಿದ ಪತ್ರಿಕೆಯವರಿಗೆ ಚಿತ್ರ ಬೇಕಾದರೆ ಹುಬ್ಬಳ್ಳಿಗೆ ಕಳಿಸಿ ಅಚ್ಚಿನ ಬ್ಲಾಕು ಮಾಡಿಸಬೇಕು, ನಾಲ್ಕು ದಿನ ಹೋಗುತ್ತದೆ. ಕಾಶಪ್ಪನವರು ಬೆಳಿಗ್ಗೆ ಸುದ್ದಿ ಹೇಳಿದರೆ ಮಧ್ಯಾಹ್ನದ ಊಟದೊಳಗೆ ನಾನು ಸಾಗವಾನಿ ಹಲಗೆಯ ಮೇಲೆ ಕೆತ್ತಿ ಕೈಗಿಡುತ್ತೇನೆ. ಹಲಗೆಯ ಮೇಲೆ ಎಲ್ಲವನ್ನೂ ಉಲ್ಟಾ ಕೆತ್ತಬೇಕು, ಎಡಗೈ ಇರುವಲ್ಲಿ ಬಲಗೈ; ಕಾಗದಕ್ಕೆ ಒತ್ತಿದಾಗ ತಿರುಗಿ ಸರಿಯಾಗುತ್ತದೆ. ಈ ವಿದ್ಯೆ ವಿಜಾಪುರ ಜಿಲ್ಲೆಯಲ್ಲಿ ಇನ್ನೊಬ್ಬನಿಗೆ ಗೊತ್ತಿದ್ದರೆ ಕರೆದುಕೊಂಡು ಬಾ, ನೋಡೋಣ.

ಇನ್ನು ಮುಂದಿನದು ಮನಸ್ಸಿನಲ್ಲಿ. ನನಗೆ ಒಂದೇ ಮುಖ ಬರೆಯಲು ಬರುತ್ತದೆ. ಹೆಂಗಸರಾದರೆ ಸೆರಗು ಮುಂದಕ್ಕೆ ಎಳೆದು ಪಾರಾಗುತ್ತೇನೆ, ಸಾಹೇಬರಾದರೆ ಕರಿ ಕನ್ನಡಕ ಹಾಕಿ ಪಾರಾಗುತ್ತೇನೆ. ರುಮಾಲು ಸುತ್ತಿದ ಗಂಡಸು ಎಂದ ಕೂಡಲೇ ಕೈ ತಾನಾಗಿ ಅಣ್ಣನನ್ನು ಬರೆಯುತ್ತದೆ. ಕಾರಣ ದೊಡ್ಡದೇನಲ್ಲ. ನಮ್ಮಪ್ಪ ತೀರಿಕೊಂಡಾಗ ಇಬ್ಬರಲ್ಲಿ ಒಬ್ಬ ಕುರಿ ಹಿಂದೆ ಹೋಗಬೇಕಿತ್ತು. “ನೀ ಸಾಲಿಗಿ ಹೋಗಲೇ, ಕುರಿ ನಾ ನೋಡ್ತೇನಿ” ಎಂದವನು ಅವನು. ಸಾಲಿ ಬಿಟ್ಟ ಮೇಲೆ ನಾನು ಪಾಟಿ ಹಿಡಿದುಕೊಂಡು ಹೊಲಕ್ಕೆ ಹೋಗಿ ಅವನ ಎದುರು ಕೂತು ಬರೆಯುತ್ತಿದ್ದೆ. ಅಲ್ಲಿ ಕುರಿಗಳನ್ನು ಬಿಟ್ಟರೆ ಇದ್ದ ಮುಖ ಅದೊಂದೇ. ಟಗರು ಗುಮ್ಮಿ ಅವನ ಎಡಗಡೆ ಹುಬ್ಬು ನಡುವೆ ಬೋಳಾಯಿತಲ್ಲ, ಅದೂ ನನ್ನ ಕೈಗೆ ಬಾಯಿಪಾಠವಾಗಿಹೋಗಿದೆ.

ಹೀಗಾಗಿ ನಾಲ್ಕು ವರ್ಷದಿಂದ ಅಣ್ಣ ‘ಹೊಸ ಹೊತ್ತಿ’ನಲ್ಲಿ ಏನೇನೋ ಆಗಿದ್ದಾನೆ. ಬಸ್ಸಿನ ಟಾಪಿನ ಮೇಲೆ ಕೂತಿದ್ದಾನೆ, ಸೀಮೆಎಣ್ಣೆಗೆ ಸಾಲು ನಿಂತಿದ್ದಾನೆ, ಓಟು ಹಾಕಿದ್ದಾನೆ, ಒಮ್ಮೆ ಕುಟುಂಬ ಯೋಜನೆಯ ಶಿಬಿರದಿಂದ ಓಡಿಯೂ ಹೋಗಿದ್ದಾನೆ. ಬೇವೂರಿನವರು ಪತ್ರಿಕೆ ಹಿಡಿದುಕೊಂಡು ಅವನ ಕಟ್ಟೆಗೇ ಬರುತ್ತಿದ್ದರು, ಈ ವಾರ ಎಲ್ಲಿಗೆ ಹೋಗಿದ್ದೀಯೋ ನೋಡಿಕೋ ಎಂದು. ಅವನು ನನ್ನನ್ನು ಬೈಯುತ್ತಲೇ ಅವನ್ನೆಲ್ಲ ಕತ್ತರಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದನೆಂದು ನಿನ್ನ ಅವ್ವನೇ ನನಗೆ ಹೇಳಿದ್ದಾಳೆ.

ಕಳೆದ ಡಿಸೆಂಬರಿನಲ್ಲಿ ಕಾಶಪ್ಪನವರು ತೂಕದ ಮೋಸದ ಬಗ್ಗೆ ಬರೆದರು. ಶೇಂಗಾ ಕೊಳ್ಳಲು ಹಳ್ಳಿ ಹಳ್ಳಿಗೆ ಹೋಗುವ ಕೆಲವರು ತೂಕದ ಕಲ್ಲಿನ ಕಡೆಯ ತಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ, ರೈತನ ಚೀಲ ಹಗುರಾಗಿ ತೂಗುತ್ತದೆ ಎಂದು. ನನಗೆ ಚಿತ್ರ ಹೇಳಿದರು. ಆ ಹೆಬ್ಬೆರಳನ್ನು ನಾನು ಕೆತ್ತಿದ ಹಾಗೆ ಯಾರೂ ಕೆತ್ತಲಾರರು. ಉಗುರಿನ ಸಂದಿಯ ಮಣ್ಣು ಕೂಡ ಕಾಣುತ್ತಿತ್ತು. ಬೆಳಿಗ್ಗೆಯೆಲ್ಲ ಹೆಬ್ಬೆರಳನ್ನೇ ನೋಡುತ್ತ ಕೂತೆ. ಮುಖವನ್ನು ಕೊನೆಯ ಕಾಲು ತಾಸಿನಲ್ಲಿ ಕೈಗೆ ಬಿಟ್ಟೆ. ಕೈ ತನಗೆ ಬರುವುದನ್ನು ಮಾಡಿತು, ಹುಬ್ಬಿನ ಸಮೇತ.

ಬೇವೂರಿನಲ್ಲಿ ಯಾರದೇ ರಾಶಿ ತೂಗಲಿ, ತಕ್ಕಡಿ ಹಿಡಿಯಲು ಕರೆಯುತ್ತಿದ್ದದ್ದು ಹುಲ್ಲಪ್ಪನನ್ನು ಎಂಬುದು ನಿನಗೆ ಗೊತ್ತಿದೆ. ಕೊಳ್ಳುವವನಿಗೂ ಕೊಡುವವನಿಗೂ ಅವನ ಕೈಯ ಮೇಲೆ ನಂಬಿಗೆ. ಅವನಿಗೆ ಇದ್ದ ದೊಡ್ಡಸ್ತಿಕೆ ಅದೊಂದೇ. ಪತ್ರಿಕೆ ಬಂದ ಮೂರನೆಯ ದಿನ ಶಿವಲಿಂಗವ್ವನ ಶೇಂಗಾ ತೂಗುತ್ತಿದ್ದರು. ಅವಳು ನಗಿಚಾಟಿಗೆ ಅಂದದ್ದು ಇಷ್ಟೇ: “ಹುಲ್ಲಪ್ಪಣ್ಣಾ, ಹೆಬ್ಬಟ್ಟು ಒಂಚೂರು ಮ್ಯಾಲೆತ್ತಿ ಹಿಡಿಯಪಾ.” ಕಣದಲ್ಲಿದ್ದವರೆಲ್ಲ ನಕ್ಕರಂತೆ. ಅಣ್ಣ ತಕ್ಕಡಿಯನ್ನು ಕೆಳಗಿಟ್ಟ, ಕೈ ಝಾಡಿಸಿಕೊಂಡ, ಮರುದಿನ ಕೆರೂರಿನ ದಾರಿ ಹಿಡಿದ. ಈಗ ಬಿಳಿಜೋಳ ಕಣಕ್ಕೆ ಬಂದಿದೆ. ನಿನ್ನ ಅವ್ವ ಮಾಯವ್ವ ಒಬ್ಬಳೇ ಎಲ್ಲ ನೋಡಿಕೊಳ್ಳುತ್ತಿದ್ದಾಳೆ. ಊರಿಗೆ ಮತ್ತೆ ಕಾಲಿಡುವುದಿಲ್ಲ ಎಂದು ಅವನು ಹೇಳುತ್ತಿರುವುದು ಸುಮ್ಮನೆ ಅಲ್ಲ; ಸಣ್ಣವನಿದ್ದಾಗಿನಿಂದ ಅವನು ಸುಮ್ಮನೆ ಹೇಳಿದ್ದನ್ನು ನಾನು ಕಂಡಿಲ್ಲ.

ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಸಂತೆಯ ದಿನ ಕೆರೂರಿಗೆ ಬಂದದ್ದನ್ನು ನೀನೇ ನೋಡಿದ್ದೀ. ಅವನು ಗೋಡೆಯ ಕಡೆ ತಿರುಗಿ ಕೂತು ಗೋಡೆಗೇ ಹೇಳಿದ, “ಬಂದಾವ ಉಂಡು ಹೋಗಲಿ” ಎಂದು. ನಾನು ಉಂಡೆ. ರೊಟ್ಟಿ ಚೆನ್ನಾಗಿದ್ದವು. ಕಾಶಪ್ಪನವರು ನಾಲ್ಕು ಸಾಲಿನ ಸ್ಪಷ್ಟೀಕರಣ ಹಾಕಿದರು, ಚಿತ್ರದಲ್ಲಿರುವವರು ಯಾವ ವ್ಯಕ್ತಿಯೂ ಅಲ್ಲ ಎಂದು. ಬೇವೂರಿನಲ್ಲಿ ಅದನ್ನು ಓದಿದವರು ಸಾಲಿ ಮಾಸ್ತರರು ಒಬ್ಬರೇ, ಅವರು ಚಿತ್ರವನ್ನು ನೋಡಿರಲಿಲ್ಲ. ಆಮೇಲೆ ಅಣ್ಣ ಎರಡೂ ಕೈ ಮೇಲೆತ್ತಿ ತಕ್ಕಡಿಯನ್ನು ನೆಟ್ಟಗೆ ಹಿಡಿದ ಚಿತ್ರವೊಂದನ್ನು ಕೆತ್ತಿದೆ. ಕಾಶಪ್ಪನವರು ಬಹಳ ಹೊತ್ತು ನೋಡಿ, “ಲಕ್ಷ್ಮಪ್ಪಾ, ಅದೇ ಕಳ್ಳ ಜೇಲಿನಿಂದ ಬಿಡುಗಡೆ ಆಗಿ ಬಂದಂಗ ಕಾಣ್ತಾನಲ್ಲೋ” ಎಂದರು. ಆ ಹಲಗೆಯಿಂದ ಈಗ ಚಹಾದ ಪಾತ್ರೆ ಮುಚ್ಚುತ್ತಿದ್ದೇವೆ.

ಇಲ್ಲಿಂದ ಮತ್ತೆ ಜೋರಾಗಿ ಓದು. ನನಗೆ ಯಾವುದಕ್ಕೂ ಕಡಿಮೆ ಇಲ್ಲ. ಹೊಸದೊಂದು ಬಣ್ಣದ ಡಬ್ಬಿ ತಂದಿದ್ದೇನೆ. ಇಲ್ಲಿಯ ಗ್ರಾನೈಟು ಗಣಿಯ ಧೂಳಿಗೆ ಮೂಗು ಸ್ವಲ್ಪ ಕಟ್ಟುತ್ತದೆ, ಅಷ್ಟೇ. ಅಳಿಯಂದಿರಿಗೆ ನನ್ನ ನಮಸ್ಕಾರ, ಕೂಸಿಗೆ ಎರಡೂ ಗಲ್ಲಕ್ಕೆ ಮುದ್ದು. ಬೀರಪ್ಪ ದೇವರ ಭಂಡಾರದ ಅರಿಷಿಣ ನಿಮ್ಮೆಲ್ಲರ ಹಣೆಯ ಮೇಲಿರಲಿ, ಬೆನ್ನು ತಿರುಗಿಸಿ ಕೂತವರ ಹಣೆಯ ಮೇಲೂ.

ಇಂತಿ ನಿನ್ನ ಕಾಕಾ,
ಲಕ್ಷ್ಮಪ್ಪ
(ಚಿತ್ರಗಾರ, ‘ಹೊಸ ಹೊತ್ತು’)

ತಾ.ಕ.: ಪೋಸ್ಟಿನ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೊದಲು ಮನಸ್ಸಿನಲ್ಲಿ ಓದಿಕೋ. ಜೊತೆಗಿಟ್ಟದ್ದು ಈ ವಾರದ ಪತ್ರಿಕೆ. ಅದೇ ತಕ್ಕಡಿ, ಅದೇ ಚೀಲ, ಅದೇ ಹೆಬ್ಬೆರಳು; ಮುಖ ಮಾತ್ರ ನನ್ನದು. ಬೋಳು ತಲೆ, ಬಲಗಲ್ಲದ ಮಚ್ಚೆ, ಯಾವುದನ್ನೂ ಬಿಟ್ಟಿಲ್ಲ. ಕನ್ನಡಿ ನೋಡಿಕೊಂಡು ಕೆತ್ತಿದೆ. ಕನ್ನಡಿಯೊಳಗೆ ಎಲ್ಲ ಆಗಲೇ ಉಲ್ಟಾ ಇರುವುದರಿಂದ, ಕಂಡದ್ದನ್ನು ಕಂಡ ಹಾಗೆ ಕೆತ್ತಿದ್ದು ಇದೇ ಮೊದಲು. ಕೆಳಗೆ ಕಾಶಪ್ಪನವರಿಂದ ದೊಡ್ಡ ಅಚ್ಚುಮೊಳೆಯಲ್ಲಿ ಹಾಕಿಸಿದ್ದೇನೆ: ‘ಹಿಂದಿನ ಚಿತ್ರದಲ್ಲಿ ಮುಖ ತಪ್ಪಿತ್ತು. ಸರಿಯಾದ ಮುಖ ಇದು.’ ಓದು ಬಾರದವರಿಗೆ ಅದು ಬೇಕಾಗಿಯೂ ಇಲ್ಲ, ಚಿತ್ರವೇ ಸಾಕು. ಬೇವೂರಿಗೆ ಐವತ್ತು ಪ್ರತಿ ಬಸ್ಸಿನಲ್ಲಿ ಹೋಗಿವೆ. ಇಲ್ಲಿ ಕಿರಾಣಿ ಅಂಗಡಿಯವನೊಬ್ಬ ತನ್ನ ಬೋರ್ಡು ನನ್ನಿಂದ ಬರೆಸುವುದಿಲ್ಲವೆಂದ. ತಕ್ಕಡಿ ಇರುವ ಅಂಗಡಿಗೆ ನನ್ನ ಕೈ ಬೇಡವಂತೆ. ಪತ್ರಿಕೆಯನ್ನು ಏನೂ ಹೇಳದೆ ಅಣ್ಣನ ಕೈಗೆ ಕೊಡು. ಅವನು ಮೊದಲು ಹುಬ್ಬನ್ನು ನೋಡುತ್ತಾನೆ. ನೋಡಲಿ, ಎರಡೂ ಪೂರ್ತಿ ಇವೆ.

ಆಮೇಲೆ ಇದೊಂದನ್ನು ಜೋರಾಗಿ ಓದು: ನಿನ್ನೆ ಶಿವಲಿಂಗವ್ವ ಇಳಕಲ್ಲಿಗೆ ಬಂದವಳು ನನ್ನನ್ನು ಹುಡುಕಿ ಬಂದಿದ್ದಳು. ಬರುವ ಸೋಮವಾರ ಅವಳ ಜೋಳ ತೂಗಬೇಕು. ಕೊಳ್ಳುವವನು ತನ್ನ ಆಳು ತರುತ್ತೇನೆಂದರೆ ಬೇಡವೆಂದಿದ್ದಾಳೆ. “ಹುಲ್ಲಪ್ಪಣ್ಣ ಬರೂತನಕ ನನ್ನ ರಾಶಿ ಕಣದಾಗ ಇರ್ತದ, ಮಳಿ ಬಂದ್ರೂ ಇರ್ತದ” ಎಂದು ಹೇಳಿ ಕಳಿಸಿದ್ದಾಳೆ. ಇದನ್ನು ಎರಡು ಸಲ ಓದು.