ಅಪ್ಪನ ಹೆಸರಿನ ಚೀಲಗಳು

ನುಕುಶೋರ್, ಮಾಲ್ಡೋವಾ
ಮೇ 19, ಭಾನುವಾರ

ನನ್ನ ಮುದ್ದು ತಮ್ಮ ಪಂತೆಲೆಯ್,

ಹೇಗಿದ್ದೀಯೋ? ಸೊಂಟದ ನೋವು ಕಡಿಮೆಯಾಯಿತೇ? ಅರವತ್ತೊಂದು ವರ್ಷದವನು ಈಗಲೂ ಮಾಸ್ಕೋದ ಛಾವಣಿಗಳ ಮೇಲೆ ಹತ್ತಿ ತಗಡು ಹೊಡೆಯುತ್ತೀಯೆಂದರೆ ನನಗೆ ಇಲ್ಲಿ ಕೈಕಾಲು ತಣ್ಣಗಾಗುತ್ತದೆ. ಸೊಂಟಕ್ಕೆಂದು ಉಣ್ಣೆಯ ಪಟ್ಟಿ ಹೆಣೆದು ಕಳಿಸಿದ್ದೆನಲ್ಲ, ಅದನ್ನು ಕಟ್ಟಿಕೋ. ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ದ್ರಾಕ್ಷಿ ಚಿಗುರಿಗೆ ಈ ವರ್ಷ ಮಂಜು ಹೊಡೆದಿಲ್ಲ. ಕ್ಷೇಮ ಸಮಾಚಾರ ಇಷ್ಟು ಸಾಕು. ಈಗ ನಿನ್ನನ್ನು ಬೈಯಬೇಕಾಗಿದೆ, ಕೂತುಕೊಂಡು ಓದು.

ನೀನು ಕಳಿಸಿದ ಚೀಲಗಳ ವಿಷಯ. ಕಳೆದ ಸೋಮವಾರ ಸತ್ತವರ ಈಸ್ಟರ್ ಇತ್ತಲ್ಲ, ಅದಕ್ಕೆ ಮೂರು ದಿನ ಮೊದಲು ವಾದಿಮ್ ಎಂಬವನೊಬ್ಬ ವ್ಯಾನಿನಲ್ಲಿ ಬಂದ. "ನಿಮ್ಮ ತಮ್ಮ ಮಾಸ್ಕೋದಿಂದ ಕಳ್ಸಿದ್ದು ಅಕ್ಕಾ, ಅಪ್ಪನ ಹೆಸ್ರಲ್ಲಿ ದಾನ ಕೊಡ್ಬೇಕಂತೆ" ಎಂದು ನಲವತ್ತು ಚೀಲ ಇಳಿಸಿದ. ಒಂದೊಂದರಲ್ಲೂ ಟವೆಲ್ಲು, ಮಗ್ಗು, ಮೇಣದಬತ್ತಿ. ಬಾಯಿಗೆ ಕೆಂಪು ರಿಬ್ಬನ್ನಿನ ಗಂಟು. ನಾನು ಅತ್ತುಬಿಟ್ಟೆ ಕಣೋ. ಅಪ್ಪ ಸತ್ತ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಿನಗೆ ಅವನ ನೆನಪಾಯಿತಲ್ಲ ಎಂದು. ಬೇರೆಯವರು ಕಟ್ಟಿದ ದಾನದ ಗಂಟನ್ನು ನಮ್ಮ ಮನೆಯಲ್ಲಿ ಯಾರೂ ಬಿಚ್ಚುವುದಿಲ್ಲ, ನಿನಗೂ ಗೊತ್ತು; ಬಿಚ್ಚಲು ಹೋದರೆ ಅಮ್ಮ ಕೈ ಮೇಲೆ ಬಾರಿಸುತ್ತಿದ್ದಳು. ನಾನೂ ಬಿಚ್ಚಲಿಲ್ಲ. ಸೋಮವಾರ ಅಪ್ಪನ ಗೋರಿಯ ಮೇಲೆ ಬಟ್ಟೆ ಹಾಸಿ, ಬಣ್ಣದ ಮೊಟ್ಟೆ, ಕೋಸಿನೆಲೆಯ ಸುರುಳಿ, ವೈನು ಎಲ್ಲ ಇಟ್ಟು, ಒಂದೊಂದೇ ಚೀಲವನ್ನು ಗೋರಿಯ ಈಚೆಯಿಂದ ಆಚೆಗೆ ದಾಟಿಸಿ "ಯರ್ಮೊಲಾಯ್ ಆತ್ಮಕ್ಕೆ, ಮಗ ಪಂತೆಲೆಯ್ ಕೈಯಿಂದ" ಎಂದೆ. ತೆಗೆದುಕೊಂಡವರೆಲ್ಲ "ದೇವ್ರು ಅವ್ನನ್ನ ಮನ್ನಿಸ್ಲಿ" ಎಂದರು. ಅವತ್ತು ನನ್ನ ಜಂಬ ನೀನು ನೋಡಬೇಕಿತ್ತು.

ಸಂಜೆ ಪಕ್ಕದ ಮನೆಯ ಪರಸ್ಕೊವಿಯಾ ಬೇಲಿಯ ಹತ್ತಿರ ಬಂದು ಮಗ್ಗು ಹಿಡಿದು ನಿಂತಳು. "ನಿಮ್ಮಪ್ಪ ಯಾವಾಗ ಪಾರ್ಟಿ ಸೇರ್ಕೊಂಡ್ನೇ ಜಿನೋವಿಯಾ?" ಎಂದಳು. ಮಗ್ಗಿನೊಳಗೆ ಸುರುಳಿ ಸುತ್ತಿದ ಕಾಗದ. ಅದರಲ್ಲಿ ಮಾಸ್ಕೋ ಕಡೆಯ ಪಾರ್ಟಿಯ ನಾಯಕ ಹಲ್ಲು ಕಿರಿಯುತ್ತಿದ್ದ; ವಾದಿಮ್ ಅವರ ಆಳಂತೆ. ಯುರೋಪಿನವರು ನಿಮ್ಮ ಹೊಲ ಕಿತ್ತುಕೊಳ್ಳುತ್ತಾರೆ, ನಿಮ್ಮ ದೇವರನ್ನು ಓಡಿಸುತ್ತಾರೆ, ಯುರೋಪಿನ ಒಕ್ಕೂಟ ಸೇರಬೇಕೋ ಬೇಡವೋ ಎಂದು ಶರತ್ಕಾಲದಲ್ಲಿ ಮತ ಕೇಳಿದಾಗ ಬೇಡ ಎಂದು ಗುರುತು ಹಾಕಿ ಎಂದು ಬರೆದಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಯಾರ ಹೆಸರಿನಲ್ಲಿ ಹಂಚಿದೆ ನೋಡು! ಎರಡು ಎತ್ತು, ಒಂದು ಎಣ್ಣೆ ಗಾಣ ಇದ್ದ ತಪ್ಪಿಗೆ ಹದಿನೆಂಟನೆಯ ವಯಸ್ಸಿನಲ್ಲಿ ಸೋವಿಯತ್ತಿನವರು ದನದ ರೈಲುಡಬ್ಬಿಯಲ್ಲಿ ಸೈಬೀರಿಯಾಕ್ಕೆ ಸಾಗಿಸಿದವನು ನಮ್ಮಪ್ಪ. ತಿರುಗಿ ಬಂದ ಮೇಲೆ ಸಾಯುವವರೆಗೂ ಯಾವ ಸರ್ಕಾರದಿಂದಲೂ ಪುಕ್ಕಟೆ ಏನನ್ನೂ ಮುಟ್ಟಲಿಲ್ಲ. "ಇವ್ರು ಕೊಡೋ ರೊಟ್ಟಿಗೆ ದಾರ ಕಟ್ಟಿರ್ತಾರೆ, ನುಂಗಿದ್ಮೇಲೆ ಎಳೀತಾರೆ" ಎನ್ನುತ್ತಿದ್ದ, ಮರೆತೆಯಾ? ದಾರ ಕಟ್ಟಿದ ದಾನ ಆ ಲೋಕದಲ್ಲಿ ಅವನ ಬಾಯಿಗೆ ಹೋಗುವುದಿಲ್ಲ. ವರ್ಷಕ್ಕೊಮ್ಮೆ ಬರುವ ಅವನ ಊಟವನ್ನು ನಾನೇ ನನ್ನ ಕೈಯಾರೆ ಹಾಳು ಮಾಡಿದ್ದೆ.

ಕೊಟ್ಟ ದಾನವನ್ನು ವಾಪಸು ಕೇಳುವಂತಿಲ್ಲ. ಆದರೆ ಕಾಗದ ಕೇಳಬಹುದಲ್ಲ. ಮಂಗಳವಾರ ಬೆಳಿಗ್ಗೆ ಬುಟ್ಟಿ ಹಿಡಿದು ನಲವತ್ತು ಮನೆಯೂ ಸುತ್ತಿದೆ, ಈ ಮೊಣಕಾಲಿನಲ್ಲಿ. ಕೆಲವರು ಒಲೆಗೆ ಹಾಕಿಬಿಟ್ಟಿದ್ದರು. ಗಿರಣಿಯ ಹರಲಂಪಿಯೆ ಮಾತ್ರ ಜಗಳಕ್ಕೆ ನಿಂತ. "ಅದ್ರಲ್ಲಿರೋದು ಸುಳ್ಳೇನು? ನಾವು ಕಾಯ್ಸೋ ಸಾರಾಯಿಗೂ ಅವ್ರು ಬೀಗ ಹಾಕ್ತಾರೆ" ಎಂದ. "ಹಾಕ್ಲಿ ಬಿಡು, ನಿನ್ ಹೆಂಡ್ತಿ ಒಂದಿನ ನೆಮ್ಮದಿಯಾಗಿ ಮಲಗ್ತಾಳೆ. ನೀನು ಬೇಡ ಅಂತ್ಲೇ ಗುರುತು ಹಾಕು, ನನ್ದೇನೂ ತಕರಾರಿಲ್ಲ. ನಮ್ಮಪ್ಪನ ಬಾಯಲ್ಲಿ ಮಾತ್ರ ಹೇಳಿಸ್ಬೇಡ" ಎಂದೆ. ಗೊಣಗುತ್ತಲೇ ತಂದುಕೊಟ್ಟ. ಸುದ್ದಿ ತಿಳಿದು ವಾದಿಮ್ ಬುಧವಾರ ಓಡಿಬಂದ. ದನಿ ತಗ್ಗಿಸಿ, "ನಿಮ್ಮ ತಮ್ಮನ ಕೆಲ್ಸ ನಮ್ಮೋರ ಕೈಲಿದೆ ಅಕ್ಕಾ, ಸ್ವಲ್ಪ ಯೋಚ್ನೆ ಮಾಡಿ" ಎಂದ. ಯೋಚನೆ ಮಾಡಿದೆ. ಬುಟ್ಟಿಯನ್ನು ತಂದು ಅವನ ವ್ಯಾನಿನ ಸೀಟಿನ ಮೇಲೆ ಸುರಿದೆ. ನಿನ್ನ ಕೆಲಸಕ್ಕೆ ಕುತ್ತು ಬಂದರೆ ನನ್ನನ್ನೇ ಬೈದುಕೋ.

ಇಷ್ಟಕ್ಕೇ ಮುಗಿಯಲಿಲ್ಲ. ಇವತ್ತು ನಾನು ಎರಡನೆಯ ದಾನ ಕೊಡುತ್ತೇನೆಂದು ಗೊತ್ತಾಗಿ, ಇತಿಹಾಸದ ಮೇಷ್ಟ್ರು ಲಿವಿಯು ನಿನ್ನೆ ಮನೆಗೆ ಬಂದರು. ಕೈಯಲ್ಲಿ ನೀಲಿ ಕಾಗದಗಳ ಕಟ್ಟು, ಮೇಲೆ ಯುರೋಪಿನ ಬಾವುಟದ ಹಳದಿ ನಕ್ಷತ್ರಗಳು. "ಜಿನೋವಿಯಕ್ಕ, ನಿಮ್ಮ ತಂದೆ ಸೈಬೀರಿಯಾ ಕಂಡೋರು. ಅವ್ರ ಹೆಸ್ರಲ್ಲಿ ಕೊಟ್ರೆ ಜನ ಕೇಳ್ತಾರೆ" ಎಂದರು. ನಾನು ಹೇಳಿದೆ, "ಮೇಷ್ಟ್ರೇ, ನಾನು ಹೂಂ ಅಂತ್ಲೇ ಗುರುತು ಹಾಕೋಳು. ಆದ್ರೆ ನಮ್ಮಪ್ಪ ಅವ್ರಿಗೂ ಪೋಸ್ಟ್‌ಮ್ಯಾನ್ ಅಲ್ಲ, ನಿಮ್ಗೂ ಅಲ್ಲ." ಪಾಪ, ಕೆಂಪಗಾಗಿ ಎದ್ದು ಹೋದರು. ಹೂಂ ಅನ್ನುವುದಕ್ಕೆ ನನ್ನ ಕಾರಣ ನನಗೆ ಸಾಕು. ಅಜ್ಜನ ಕಾಲದಲ್ಲಿ ಗಡಿ ಆಚೀಚೆ ಸರಿದಾಗ ಅವನನ್ನು ಯಾರೂ ಕೇಳಲಿಲ್ಲ, ರೈಲು ಹತ್ತಿಸುವಾಗ ಅಪ್ಪನನ್ನೂ ಕೇಳಲಿಲ್ಲ. ನನ್ನನ್ನು ಕೇಳುತ್ತಿದ್ದಾರೆ. ಉತ್ತರ ನಾನೇ ಕೊಡುತ್ತೇನೆ. ಮಾಸ್ಕೋ ಆಗಲಿ ಬ್ರಸೆಲ್ಸ್ ಆಗಲಿ ನನ್ನ ಕೈ ಹಿಡಿದು ಬರೆಸುವುದು ಬೇಡ.

ಇವತ್ತು ಪ್ರಾರ್ಥನೆ ಮುಗಿದ ಮೇಲೆ ನಲವತ್ತು ಪುಟ್ಟ ಹೆಣೆದ ರೊಟ್ಟಿಗಳನ್ನು ಗೋರಿ ದಾಟಿಸಿ ಕೊಟ್ಟೆ. ಚೀಲವಿಲ್ಲ, ಗಂಟಿಲ್ಲ. ಹರಲಂಪಿಯೆಯೂ ಬಂದ, ಮೇಷ್ಟ್ರೂ ಬಂದರು, ಪಕ್ಕಪಕ್ಕದಲ್ಲೇ ನಿಂತು ತಿಂದರು. "ಮಗಳು ಜಿನೋವಿಯಾ ಕೈಯಿಂದ" ಎಂದಷ್ಟೇ ಹೇಳಿದೆ. ನಿನ್ನ ಹೆಸರು ಹೇಳಲಿಲ್ಲ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ದೇವರಮಾತೆ ನಿನ್ನ ಕಾಲು ಜಾರದಂತೆ ಕಾಯಲಿ.

ನಿನ್ನ ಅಕ್ಕ,
ಜಿನೋವಿಯಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮಂಗಳವಾರ ಪ್ರತಿ ಬಾಗಿಲಲ್ಲೂ ಕೇಳಿದರು, "ಒಳಗೇನಿದೆ ಅಂತ ಪಂತೆಲೆಯ್‌ಗೆ ಗೊತ್ತಿತ್ತಾ?" ನಲವತ್ತು ಕಡೆಯೂ ಅಪ್ಪನ ಆಣೆ ಇಟ್ಟು ಇಲ್ಲ ಎಂದೆ. ಬದುಕಿರುವವರ ಎದುರು ಹೇಳಿಬಿಟ್ಟೆ, ಇವತ್ತು ಅಪ್ಪನ ಗೋರಿಯ ಎದುರು ನಿನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ನಿನಗೆ ಗೊತ್ತಿತ್ತೋ ಇಲ್ಲವೋ, ಒಂದೇ ಒಂದು ಮಾತು ಬರೆದು ಕಳಿಸು. ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಸುಳ್ಳನ್ನೂ ನಂಬಿಬಿಡುತ್ತೇನೆ.