ಭೂಮಿ ಕಾಯಿಸಿದ ನೀರು, ಬೀಗರು ಹಾಕಿದ ಕೂಗು

ಈ ಕಾರ್ಡು ಓದಲು ಮನೆಯಲ್ಲಿ ನೆರೆದಿರುವ ಸಭಿಕರೇ, ಸಭೆಗೆ ಹಿರಿಯಳಾದ ನನ್ನ ಮಡದಿಯೇ, ಕಿವಿಗೊಡಿ!

ಮಗಳ ಅತ್ತೆಮನೆಯ ಬಚ್ಚಲಲ್ಲಿ ಒಲೆಯಿಲ್ಲ, ಹೊಗೆಯಿಲ್ಲ. ಅಂಗಳ ಕೊರೆದು ಇಳಿಸಿದ ಕೊಳವೆ ನೆಲದೊಳಗಿನ ಶಾಖವನ್ನು ಹೊತ್ತು ತರುತ್ತದೆ. ಬೀರುವಿನಷ್ಟು ದೊಡ್ಡ ಯಂತ್ರವೊಂದು ಅದನ್ನು ಹೆಚ್ಚಿಸಿ ಟ್ಯಾಂಕಿನ ನೀರು ಕಾಯಿಸುತ್ತದೆ. ಭೂಮಿತಾಯಿಯ ಬಿಸಿನೀರು ಮುಗಿದೀತೇ ಎಂದುಕೊಂಡು ಇವತ್ತು ನಮ್ಮ ನಾಟಕದ ಎರಡು ಅಂಕ ಪೂರ್ತಿ ಹಾಡುತ್ತಾ ಮಿಂದೆ. ಟ್ಯಾಂಕಿನ ಬಿಸಿನೀರು ಬರಿದಾಯಿತು! ನನ್ನ ನಂತರ ಹೋದ ಬೀಗರು ತಲೆಗೆ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದರು; ಸುರಿದದ್ದು ಕೊರೆಯುವ ತಣ್ಣೀರು, ಕೂಗಿಕೊಂಡರು. ಅಂಥ ಕೂಗನ್ನು ನಾನು ಯಾವ ರಂಗದ ಮೇಲೂ ಕೇಳಿಲ್ಲ.

"ಯಾರ್ರೀ ಅದು, ಭೂಮಿನೇ ಖಾಲಿ ಮಾಡಿದ್ದು?"

"ಅಪ್ಪಾ, ಇನ್ನೊಂದ್ಸಲ ಹೀಗಾದ್ರೆ ನಾನು ಈ ಮನೇಲಿ ತಲೆ ಎತ್ತೋ ಹಾಗಿಲ್ಲ" ಎಂದು ಮಗಳು ಕಣ್ಣು ಕೆಂಪಗೆ ಮಾಡಿದಳು.

ಅಷ್ಟು ಬಿಸಿನೀರು ಬಿದ್ದು ನನ್ನ ಹಳೆಯ ಮೊಣಕಾಲು ನೋವು ಮಾಯ. ಕಾರ್ಡಿನಲ್ಲಿ ಬರೆಯಲು ಜಾಗವೂ ಮಾಯ. ನಾಳೆ ಬೆಳಿಗ್ಗೆ ಬೀಗರಿಗೇ ಮೊದಲ ಸ್ನಾನ. ಅವರಿಗೆ ಬೇಸರವಾಗದಿರಲೆಂದು ನಾನು ಬಚ್ಚಲ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹಾಡುತ್ತೇನೆ.